ಲೋಹ-ಸಾವಯವ ಅಣುಪಂಜರ

ಲೋಹ-ಸಾವಯವ ಅಣುಪಂಜರ ಎಂಬುದು ಲೋಹದ ಅಯಾನುಗಳು ಮತ್ತು ಸಾವಯವ ಅಣುಗಳು ದ್ರಾವಣದಲ್ಲಿ ತಾವಾಗಿಯೇ ಕೂಡಿಕೊಂಡು ರಚಿಸುವ, ಒಳಭಾಗ ಟೊಳ್ಳಾಗಿರುವ ಬೃಹದಣು. ಇದರ ಅಗಲ ಸಾಮಾನ್ಯವಾಗಿ ಒಂದರಿಂದ ಕೆಲವು ನ್ಯಾನೊಮೀಟರುಗಳಷ್ಟಿರುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಪಂಜರದ ಪೊಳ್ಳಿನೊಳಗೆ ಬೇರೆ ಅಣುಗಳನ್ನು ಹಿಡಿದಿಡಬಹುದು. ಹಾಗೆ ಸೆರೆಯಾದ ಅಣುವನ್ನು 'ಅತಿಥಿ' ಎಂದೂ ಪಂಜರವನ್ನು 'ಆತಿಥೇಯ' ಎಂದೂ ಕರೆಯುವುದು ರೂಢಿ. ಕರ್ನಾಟಕದಲ್ಲಿ ಈ ಕ್ಷೇತ್ರದ ಪ್ರಮುಖ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿದೆ.

ಸ್ವಯಂಜೋಡಣೆಯ ತತ್ತ್ವ

ಲೋಹದ ಅಯಾನಿಗೆ ಎಲೆಕ್ಟ್ರಾನ್ ಜೋಡಿಯನ್ನು ನೀಡಿ ಬಂಧ ಏರ್ಪಡಿಸುವ ಅಣುವನ್ನು ಲಿಗ್ಯಾಂಡ್ ಎನ್ನುತ್ತಾರೆ. ಪ್ರತಿಯೊಂದು ಲೋಹವೂ ತನ್ನ ಸುತ್ತ ನಿರ್ದಿಷ್ಟ ದಿಕ್ಕುಗಳಲ್ಲಿ ಮಾತ್ರ ಲಿಗ್ಯಾಂಡುಗಳನ್ನು ಕೂರಿಸಿಕೊಳ್ಳುತ್ತದೆ. ಪಲ್ಲಾಡಿಯಮ್(II) ಅಯಾನಿಗೆ ಒಂದೇ ಸಮತಲದಲ್ಲಿ ನಾಲ್ಕು ಸ್ಥಾನಗಳಿವೆ. ಅಕ್ಕಪಕ್ಕದ ಎರಡು ಸ್ಥಾನಗಳನ್ನು ಎಥಿಲೀನ್‌ಡೈಅಮೀನ್‌ನಂತಹ ಅಣುವಿನಿಂದ ಮುಚ್ಚಿದರೆ, ಉಳಿದ ಎರಡು ಸ್ಥಾನಗಳು ಪರಸ್ಪರ 90 ಡಿಗ್ರಿ ಕೋನದಲ್ಲಿ ತೆರೆದಿರುತ್ತವೆ. ಹೀಗೆ ಲೋಹವು ಕಟ್ಟಡದ ಮೂಲೆಗಲ್ಲಿನಂತಾಗುತ್ತದೆ. ಇದಕ್ಕೆ ಎರಡೂ ತುದಿಗಳಲ್ಲಿ ಸಾರಜನಕವುಳ್ಳ ನೇರ ಕಡ್ಡಿಯಂತಹ ಲಿಗ್ಯಾಂಡನ್ನು ಬೆರೆಸಿದರೆ ನಾಲ್ಕು ಮೂಲೆ, ನಾಲ್ಕು ಬದಿಗಳ ಚೌಕ ದೊರೆಯುತ್ತದೆ. ಕಡ್ಡಿಯ ಬದಲು ಮೂರು ತುದಿಗಳ ಚಪ್ಪಟೆ ಲಿಗ್ಯಾಂಡನ್ನು ಬಳಸಿದರೆ ಆರು ಲೋಹ, ನಾಲ್ಕು ಲಿಗ್ಯಾಂಡುಗಳ ಪಂಜರವಾಗುತ್ತದೆ. ಲೆಕ್ಕ ಸರಳ: ಆರು ಲೋಹಗಳಿಗೆ ತಲಾ ಎರಡು ಸ್ಥಾನ, ನಾಲ್ಕು ಲಿಗ್ಯಾಂಡುಗಳಿಗೆ ತಲಾ ಮೂರು ತುದಿ, ಎರಡೂ ಹನ್ನೆರಡೇ. ಯಾವ ಸ್ಥಾನವೂ ಖಾಲಿ ಉಳಿಯುವುದಿಲ್ಲ.

ಆದರೆ ಆಕಾರ ಹೊಂದಿದರಷ್ಟೇ ಸಾಲದು. ಮೊದಲಿಗೆ ತಪ್ಪಾಗಿ ಸೇರಿಕೊಂಡ ತುಂಡುಗಳು ಬಿಡಿಸಿಕೊಂಡು ಮತ್ತೆ ಸೇರಲು ಅವಕಾಶವಿರಬೇಕು. ಇಂಗಾಲ-ಇಂಗಾಲ ಬಂಧ ಒಮ್ಮೆ ಏರ್ಪಟ್ಟರೆ ಸುಲಭವಾಗಿ ಬಿಡುವುದಿಲ್ಲ. ಪಲ್ಲಾಡಿಯಮ್-ಸಾರಜನಕ ಬಂಧ ಬಿಡುತ್ತದೆ, ಮತ್ತೆ ಕೂಡುತ್ತದೆ. ಹೀಗಾಗಿ ದ್ರಾವಣವು ಅನೇಕ ತಪ್ಪು ಜೋಡಣೆಗಳನ್ನು ದಾಟಿ ಕೊನೆಗೆ ಅತ್ಯಂತ ಸ್ಥಿರವಾದ ರಚನೆಯಲ್ಲಿ ನೆಲೆಗೊಳ್ಳುತ್ತದೆ. ಉದ್ದದ ಸರಪಳಿಯಾಗುವ ಬದಲು ಚಿಕ್ಕ ಮುಚ್ಚಿದ ಪಂಜರಗಳಾದಾಗ ಸ್ವತಂತ್ರ ಕಣಗಳ ಸಂಖ್ಯೆ ಹೆಚ್ಚುತ್ತದೆ. ಎಂಟ್ರೊಪಿಯೂ ಪಂಜರದ ಪರವಾಗಿಯೇ ಇರುತ್ತದೆ. 'ಸ್ವಯಂಜೋಡಣೆ' ಎಂಬ ಹೆಸರಿನಿಂದ ಇದು ಆಕಸ್ಮಿಕವೆಂಬ ಭಾವನೆ ಬರಬಹುದು. ವಾಸ್ತವದಲ್ಲಿ ಪಂಜರದ ನಕ್ಷೆಯೆಲ್ಲ ತುಂಡುಗಳ ಕೋನಗಳಲ್ಲಿ ಮೊದಲೇ ಅಡಗಿರುತ್ತದೆ.

ಕೋನದ ಮಹತ್ತ್ವವನ್ನು 2010ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದು ಸ್ಪಷ್ಟಪಡಿಸಿತು. ಸುಮಾರು 127 ಡಿಗ್ರಿ ಬಾಗಿದ ಲಿಗ್ಯಾಂಡು 12 ಪಲ್ಲಾಡಿಯಮ್, 24 ಲಿಗ್ಯಾಂಡುಗಳ ಗೋಳವನ್ನು ಕೊಟ್ಟರೆ, ಸುಮಾರು 149 ಡಿಗ್ರಿಯದು 24 ಪಲ್ಲಾಡಿಯಮ್, 48 ಲಿಗ್ಯಾಂಡುಗಳ ಗೋಳವನ್ನು ಕೊಟ್ಟಿತು. ಎರಡನ್ನೂ ಬೆರೆಸಿದಾಗ ನಡುವಿನ ಗಾತ್ರದ ಗೋಳಗಳು ಬರಲಿಲ್ಲ. ಮಿಶ್ರಣದ ಸರಾಸರಿ ಕೋನ ಒಂದು ಮಿತಿಯನ್ನು ದಾಟುತ್ತಲೇ ಚಿಕ್ಕದರಿಂದ ದೊಡ್ಡದಕ್ಕೆ ಥಟ್ಟನೆ ಬದಲಾವಣೆಯಾಯಿತು.

ಇತಿಹಾಸ

ಮಕೊಟೊ ಫುಜಿತ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪಲ್ಲಾಡಿಯಮ್ ಚೌಕವನ್ನೂ 1995ರಲ್ಲಿ ಮೇಲೆ ಹೇಳಿದ ಆರು ಲೋಹಗಳ ಪಂಜರವನ್ನೂ ವರದಿ ಮಾಡಿದರು. ಅಮೆರಿಕದಲ್ಲಿ ಪೀಟರ್ ಸ್ಟ್ಯಾಂಗ್ ಮತ್ತು ಕೆನೆತ್ ರೇಮಂಡ್ ಅವರ ತಂಡಗಳು ಇದೇ ದಾರಿಯಲ್ಲಿ ಮುನ್ನಡೆದವು. 2016ರಲ್ಲಿ ಫುಜಿತ ತಂಡ 48 ಪಲ್ಲಾಡಿಯಮ್ ಮತ್ತು 96 ಲಿಗ್ಯಾಂಡುಗಳು, ಅಂದರೆ ಒಟ್ಟು 144 ತುಂಡುಗಳು, ಕೂಡಿದ ಗೋಳವನ್ನು ಪ್ರಕಟಿಸಿತು.

ಪಂಜರದೊಳಗಿನ ರಸಾಯನ

ಪೊಳ್ಳಿನೊಳಗೆ ಅಣುಗಳ ವರ್ತನೆ ಹೊರಗಿನಂತಿರುವುದಿಲ್ಲ. ಬಿಳಿ ರಂಜಕ ಗಾಳಿಗೆ ತೆರೆದೊಡನೆ ಹೊತ್ತಿಕೊಳ್ಳುವುದರಿಂದ ಅದನ್ನು ನೀರಿನಡಿಯಲ್ಲಿ ಇಡುತ್ತಾರೆಂಬುದು ಶಾಲಾ ವಿದ್ಯಾರ್ಥಿಗಳಿಗೂ ತಿಳಿದ ವಿಷಯ. 2009ರಲ್ಲಿ ಕೇಂಬ್ರಿಜ್‌ನ ಜೊನಾಥನ್ ನಿಟ್ಷ್‌ಕೆ ಮತ್ತು ಸಹೋದ್ಯೋಗಿಗಳು ಅದನ್ನು ನಾಲ್ಕು ಕಬ್ಬಿಣದ ಅಯಾನುಗಳ ಚತುಷ್ಫಲಕ ಪಂಜರದಲ್ಲಿ ಸೆರೆಹಿಡಿದಾಗ ಅದು ಗಾಳಿಯಲ್ಲೂ ಸುರಕ್ಷಿತವಾಗಿ ಉಳಿಯಿತು. ಆಮ್ಲಜನಕ ಒಳಗೆ ನುಸುಳಲಾರದೆಂಬುದು ಇದಕ್ಕೆ ಅವರು ಕೊಟ್ಟ ಕಾರಣವಲ್ಲ. ರಂಜಕ ಆಮ್ಲಜನಕದೊಡನೆ ಸೇರಿ ಉಂಟಾಗಬೇಕಾದ ಅಣುವಿಗೆ ಪಂಜರದಲ್ಲಿ ಜಾಗವಿಲ್ಲ, ಆದ್ದರಿಂದ ಕ್ರಿಯೆ ಮುಂದುವರಿಯುವುದಿಲ್ಲ. ಬೆಂಜೀನ್ ಸೇರಿಸಿದರೆ ಅದು ಪಂಜರದೊಳಗೆ ಹೊಕ್ಕು ರಂಜಕವನ್ನು ಹೊರದೂಡುತ್ತದೆ.

ಸಾಮಾನ್ಯವಾಗಿ ಆಂಥ್ರಸೀನ್ ಅಣು ತನ್ನ ನಡುವಿನ ಉಂಗುರದಲ್ಲಿ ಡೀಲ್ಸ್-ಆಲ್ಡರ್ ಕ್ರಿಯೆಗೆ ಒಳಗಾಗುತ್ತದೆ. 2006ರಲ್ಲಿ ಫುಜಿತ ತಂಡ ಪಂಜರದೊಳಗೆ ಅದು ತುದಿಯ ಉಂಗುರದಲ್ಲಿ ನಡೆಯುವಂತೆ ಮಾಡಿತು.

ಬೆಂಗಳೂರಿನ ಸಂಶೋಧನೆ

ಭಾರತೀಯ ವಿಜ್ಞಾನ ಸಂಸ್ಥೆಯ ನಿರವಯವ ಮತ್ತು ಭೌತ ರಸಾಯನವಿಜ್ಞಾನ ವಿಭಾಗದ ಪಾರ್ಥ ಸಾರಥಿ ಮುಖರ್ಜಿ ಈ ಕ್ಷೇತ್ರದಲ್ಲಿ ಭಾರತದ ಪ್ರಮುಖ ಹೆಸರು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಂಗ್ ಅವರೊಡನೆ ಕೆಲಸ ಮಾಡಿದ್ದ ಅವರಿಗೆ 2016ರಲ್ಲಿ ರಸಾಯನವಿಜ್ಞಾನಕ್ಕಾಗಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಪಿಕ್ರಿಕ್ ಆಮ್ಲದಂತಹ ನೈಟ್ರೊ ಸ್ಫೋಟಕಗಳನ್ನು ಬೆಳಕಿನ ಹೊಳಪು ಕುಗ್ಗುವುದರಿಂದ ಗುರುತಿಸುವ ರಚನೆಗಳು, ನೀರಿನಲ್ಲಿ ಕರಗಿ ಕ್ರಿಯಾವರ್ಧಕಗಳಾಗಿ ಕೆಲಸ ಮಾಡುವ ಪಲ್ಲಾಡಿಯಮ್ ಪಂಜರಗಳು ಅವರ ತಂಡದ ಕೊಡುಗೆಗಳಲ್ಲಿ ಸೇರಿವೆ. 2018ರಲ್ಲಿ ವರದಿಯಾದ ಪೀಪಾಯಿ ಆಕಾರದ ಪಂಜರಗಳು ವಿಶೇಷ ಗಮನಾರ್ಹ. ಸ್ಪೈರೊಪೈರಾನ್ ಎಂಬ ಬಣ್ಣವಿಲ್ಲದ ಅಣು ಬೆಳಕು ಬಿದ್ದಾಗ ತೆರೆದುಕೊಂಡು ಬಣ್ಣವುಳ್ಳ ಮೆರೊಸಯನೀನ್ ರೂಪಕ್ಕೆ ತಿರುಗಿ, ಬಳಿಕ ತಾನಾಗಿಯೇ ಹಿಂದಿನ ರೂಪಕ್ಕೆ ಮರಳುತ್ತದೆ. ಈ ಕ್ಷಣಿಕ ರೂಪವನ್ನು ಪೀಪಾಯಿಯ ಪೊಳ್ಳು ಸ್ಥಿರವಾಗಿ ಹಿಡಿದಿಟ್ಟುಕೊಂಡಿತು.

ಲೋಹ-ಸಾವಯವ ಚೌಕಟ್ಟುಗಳೊಡನೆ ವ್ಯತ್ಯಾಸ

ಸುಸುಮು ಕಿತಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ 2025ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಲೋಹ-ಸಾವಯವ ಚೌಕಟ್ಟುಗಳನ್ನು ಪಂಜರಗಳೊಡನೆ ಬೆರೆಸಿ ಹೇಳುವುದುಂಟು. ಚೌಕಟ್ಟು ಎಲ್ಲ ದಿಕ್ಕುಗಳಲ್ಲಿ ಹಬ್ಬುವ ಘನ ಜಾಲ. ಪಂಜರ ಮಿತಿಯುಳ್ಳ ಬಿಡಿ ಅಣು, ದ್ರಾವಕದಲ್ಲಿ ಕರಗಬಲ್ಲದು. ಚೌಕಟ್ಟುಗಳ ಕುರಿತು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಂಶೋಧನೆ ನಡೆದಿದೆ.

ಮಿತಿಗಳು

ಪಲ್ಲಾಡಿಯಮ್ ದುಬಾರಿ ಲೋಹ. ಬಿಡಿಸಿಕೊಂಡು ಕೂಡುವ ಬಂಧದ ಗುಣವೇ ಇಲ್ಲಿ ತೊಡಕೂ ಹೌದು: ಪ್ರಬಲ ಆಮ್ಲ ಅಥವಾ ಲೋಹವನ್ನು ಹೆಚ್ಚು ಬಲವಾಗಿ ಹಿಡಿಯುವ ಲಿಗ್ಯಾಂಡು ಸೇರಿದರೆ ಅನೇಕ ಪಂಜರಗಳು ಚದುರಿಹೋಗುತ್ತವೆ. ಕ್ರಿಯಾವರ್ಧಕವಾಗಿ ಬಳಸುವಾಗ ಉತ್ಪನ್ನವು ಪೊಳ್ಳಿನಲ್ಲೇ ಅಂಟಿಕೊಂಡು ಕುಳಿತು ಮುಂದಿನ ಅತಿಥಿಗೆ ಎಡೆ ಕೊಡದಿರುವುದು ಇನ್ನೊಂದು ಸಮಸ್ಯೆ. ಹೊರಗಿನ ದ್ರಾವಣಕ್ಕಿಂತ ಒಳಗೇ ಬಿಗಿಯಾಗಿ ಕೂರುವ ಉತ್ಪನ್ನಗಳಲ್ಲಿ ಇದು ಹೆಚ್ಚು.