ಕೆಣಕಿದವರು, ಕೆರಳಿದವರು: ಹುಣಸೂರು ಸೀಮೆಯಿಂದ ಒಂದು ಟಿಪ್ಪಣಿ

ಇಂಗ್ಲಿಷಿನ 'ಪ್ರೊವೊಕೇಟಿವ್' ಎಂಬ ವಿಶೇಷಣ ಪುಸ್ತಕ ವಿಮರ್ಶೆಯಲ್ಲಿ ಬಂದರೆ ಹೊಗಳಿಕೆ, ಪೊಲೀಸ್ ದೂರಿನಲ್ಲಿ ಬಂದರೆ ಆರೋಪ. ಅದರ ಲ್ಯಾಟಿನ್ ಮೂಲಕ್ಕೆ 'ಹೊರಗೆ ಕರೆ' ಎಂದಷ್ಟೇ ಅರ್ಥ. ಕರೆದಾಗ ಒಳಗಿನಿಂದ ಬರುವುದು ವಿಚಾರವೋ ದೊಣ್ಣೆಯೋ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಪತ್ರಿಕೆಗಳ 'ಪ್ರಚೋದನಕಾರಿ'ಗೆ ಈ ಎರಡನೆಯ ಮುಖವೇ ಗಟ್ಟಿಯಾಗಿ ಅಂಟಿಕೊಂಡಿದೆ. ಪ್ರಚೋದನಕಾರಿ ಕಾದಂಬರಿ ಎಂದರೆ ಲೇಖಕ ಗಾಬರಿಯಾದಾನು. ಬುದ್ಧಿಯನ್ನು ಪ್ರೇರೇಪಿಸೆಂದು ಬೇಡುವ ಗಾಯತ್ರಿ ಮಂತ್ರದ ಕ್ರಿಯಾಪದಕ್ಕೂ ಇದೇ ಧಾತು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ.

ಸುದ್ದಿಯ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಆತ್ಮಹತ್ಯೆಗೆ 'ಪ್ರಚೋದನೆ', ಗಲಭೆಗೆ 'ಪ್ರಚೋದನೆ', 'ಪ್ರಚೋದನೆ'ಗೆ ಒಳಗಾಗಿ ನಡೆದ ಕೊಲೆ: ಕಾನೂನು ಬೇರೆಬೇರೆಯಾಗಿ ಇಟ್ಟಿರುವ ಮೂರು ಸಂಗತಿಗಳಿಗೂ ಒಂದೇ ಮಾತು. ಆಡುಮಾತು ಇಷ್ಟು ಸೋಮಾರಿಯಲ್ಲ. ತಾನೇ ಜಗಳಕ್ಕೆ ಇಳಿಯುವವನು ಕಾಲು ಕೆರೆಯುತ್ತಾನೆ, ದೂರ ನಿಂತು ಮಾಡಿಸುವವನು ಎತ್ತಿಕಟ್ಟುತ್ತಾನೆ ಇಲ್ಲವೇ ಛೂ ಬಿಡುತ್ತಾನೆ. ಸುಮ್ಮನೆ ರೇಗಿಸುವುದು, ಕಿಚಾಯಿಸುವುದು ಬೇರೆ. 2017ರ ಡಿಸೆಂಬರಿನಲ್ಲಿ ಹುಣಸೂರಿನ ಹನುಮ ಜಯಂತಿ ಮೆರವಣಿಗೆಯ ಹಾದಿ ವಿವಾದವಾದಾಗ ಊರ ಜಗಲಿಗಳ ಮಾತಿಗೂ ಅಧಿಕಾರಿಗಳ ಪ್ರಕಟಣೆಗೂ ಇದ್ದ ದೂರ ಇಂಥದೇ.

ಕಾನೂನು ಪ್ರಚೋದನೆಯನ್ನು ಎರಡು ತುದಿಗಳಿಂದ ನೋಡುತ್ತದೆ. ಹಳೆಯ ದಂಡಸಂಹಿತೆಯ 153 ಮತ್ತು 504ನೇ ಕಲಮುಗಳು (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 192 ಮತ್ತು 352) ಕೆಣಕಿದವನ ಉದ್ದೇಶವನ್ನು ಕೇಳುತ್ತವೆ. ಕೊಲೆಯ ಕಲಮಿಗೆ ಇರುವ 'ಗಂಭೀರ ಮತ್ತು ಹಠಾತ್ ಪ್ರಚೋದನೆ'ಯ ವಿನಾಯಿತಿ ಕೆರಳಿದವನ ಮನಸ್ಸನ್ನು ಕೇಳುತ್ತದೆ. ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಧಿಕಾರಿ ನಾನಾವತಿಯ ಮೊಕದ್ದಮೆಯ 1961ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆ ಸಂಬಂಧದ ವಿಷಯ ತಿಳಿದು ಮನೆ ಬಿಟ್ಟದ್ದಕ್ಕೂ ಗುಂಡು ಹಾರಿಸಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಕಳೆದಿದೆ, ಸಿಟ್ಟು ಇಳಿಯಲು ಅಷ್ಟು ಸಾಕು ಎಂದಿತು. ಕೆರಳಿದ್ದಕ್ಕೆ ರಿಯಾಯಿತಿ ಸಿಗಬಹುದು, ಆದರೆ ಅದಕ್ಕೊಂದು ಗಡುವು ಉಂಟು.

ಈ ಸೀಮೆಯ ಎರಡು ಆಚರಣೆಗಳು ಮೂರನೆಯದೊಂದು ಬಗೆಯನ್ನು ತೋರಿಸುತ್ತವೆ ಎಂಬುದು ನನ್ನ ವಾದ. ಅಲ್ಲಿ ಕೆಣಕಿದವನಿಗೆ ಶಿಕ್ಷೆಯಿಲ್ಲ, ಕೆರಳಿದವನಿಗೆ ವಿನಾಯಿತಿಯೂ ಇಲ್ಲ.

ಮೊದಲನೆಯದು ಕುಂಡೆ ಹಬ್ಬ. ಹುಣಸೂರಿನಿಂದ ಪಿರಿಯಾಪಟ್ಟಣ ತಾಲ್ಲೂಕಿನ ಪಂಚವಳ್ಳಿ, ಆನೆಚೌಕೂರು ದಾಟಿ ತಿತಿಮತಿಗೆ ಹೋಗುವ ದಾರಿಯ ಆಚೆ, ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಇದು ನಡೆಯುತ್ತದೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಸೇರುತ್ತಾರೆ. ಗಂಡಸರು ಸೀರೆ, ನೈಟಿ, ಬಣ್ಣದ ವಿಗ್ಗು ಹಾಕಿ, ಪ್ಲಾಸ್ಟಿಕ್ ಡಬ್ಬ ಬಡಿಯುತ್ತ ದಾರಿಗೆ ಅಡ್ಡ ನಿಲ್ಲುತ್ತಾರೆ. ಬಸ್ಸು, ಜೀಪು, ತೋಟದ ಧಣಿ, ಪೊಲೀಸು ಎಂಬ ಭೇದವಿಲ್ಲದೆ ಬೈಗುಳ ಸುರಿದು ಕಾಸು ಕೇಳುತ್ತಾರೆ. ಮೊದಲ ಬೈಗುಳ ದೇವರಿಗೇ: ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ ಭದ್ರಕಾಳಿಗೆ ಮನಸೋತು ತಮ್ಮನ್ನು ಅಲ್ಲೇ ಬಿಟ್ಟುಹೋದ ಎಂಬುದು ಅವರ ಕಥೆ. ಸಂಜೆ ದೇವಸ್ಥಾನದಲ್ಲಿ ತಪ್ಪೊಪ್ಪಿಕೊಂಡರೆ ಮುಗಿಯಿತು. ವರ್ಷವಿಡೀ ಧಣಿಯ ಮುಂದೆ ತಲೆ ತಗ್ಗಿಸುವವರು ಒಂದು ದಿನ ಅವನ ಕಾರಿನ ಗಾಜು ತಟ್ಟುತ್ತಾರೆ. ಅವನು ನಕ್ಕು ನೋಟು ಚಾಚಿದರೆ ಸರಿ, ಸಿಟ್ಟಾದರೆ ಇನ್ನೊಂದು ಸುತ್ತು ಬೈಗುಳ. ಇದನ್ನು ಬರೀ ಮೋಜೆಂದು ವರದಿ ಮಾಡುವುದು ಅರ್ಧ ಸತ್ಯ. 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆಯಿಂದ ಹೊರಬಂದು ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಬದುಕುವ ಜೇನುಕುರುಬರಿಗೆ, ಕಾಡಿಗೆ ಕರೆದು ಕೈಬಿಟ್ಟವನ ಕಥೆ ಪುರಾಣವಾಗಿ ಮಾತ್ರ ಕೇಳಿಸುವುದೇ ಎಂಬ ಅನುಮಾನ ನನ್ನದು.

ಎರಡನೆಯದು ಜನಪದ ಗುರು ಮಂಟೇಸ್ವಾಮಿಯ ಕಥೆ ಹಾಡುವ ಮಂಟೇಸ್ವಾಮಿ ಕಾವ್ಯ. ಕೆ.ಆರ್. ನಗರ ತಾಲ್ಲೂಕಿನ ಕಾವೇರಿ ದಡದ ಕಪ್ಪಡಿಯಲ್ಲಿ ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ಗದ್ದಿಗೆಯಿದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಜಾತ್ರೆಗೆ ಈ ಕಾವ್ಯ ಹಾಡುವ ನೀಲಗಾರರು ತಂಬೂರಿ, ಗಗ್ಗರ ಹಿಡಿದು ಬರುತ್ತಾರೆ. ಅವರು ಹಾಡುವ 'ಕಲ್ಯಾಣದ ಸಾಲು' ಎಂಬ ಭಾಗದಲ್ಲಿ ಗುರು ಮಂಟೇಸ್ವಾಮಿ ಬಸವಣ್ಣನ ಬಾಗಿಲಿಗೆ ಬರುವ ರೀತಿ ನೋಡಿ: ಕೊಳೆತ ಮೈ, ಹೆಗಲ ಮೇಲೆ ಸತ್ತ ಕರು, ಜೊತೆಗೆ ಹೆಂಡದ ಗಡಿಗೆ, ಕೂರುವ ಜಾಗ ತಿಪ್ಪೆ. ಅವನು ಯಾರಿಗೂ ಬೈಯುವುದಿಲ್ಲ. ಇರುವ ರೂಪದಲ್ಲೇ ಕೆಣಕುತ್ತಾನೆ. ಒಳಗೆ ಸಾಲುಪಂಕ್ತಿಯಲ್ಲಿ ಊಟಕ್ಕೆ ಕಾದಿರುವ ಜಂಗಮರು ಮೂಗು ಮುಚ್ಚುತ್ತಾರೆ, ಓಡಿಸಿ ಎನ್ನುತ್ತಾರೆ. ಜಾತಿಯ ಮಡಿಯನ್ನು ಬಿಟ್ಟೆವೆಂದವರ ಮೂಗಿನಲ್ಲಿ ಅದು ಇನ್ನೂ ಉಳಿದಿರುವುದು ಬಯಲಾಗುವುದು ಆಗಲೇ. ವಾಸನೆಯ ಆಚೆ ಗುರುವನ್ನು ಕಾಣುವವರು ಬಸವಣ್ಣ ಮತ್ತು ಅವನ ಹೆಂಡತಿ ನೀಲಮ್ಮ. ಗುರು ಅಷ್ಟು ಹೊಲಸಾಗಿ ಬಂದದ್ದು ಸರಿಯೇ ಎಂದು ಹಾಡು ಎಲ್ಲೂ ಕೇಳುವುದಿಲ್ಲ. ಪ್ರಶ್ನೆಯೆಲ್ಲ ಒಳಗೆ ಕೂತವರಿಗೆ.

ಶಿಕ್ಷೆಯಿಲ್ಲದಿದ್ದರೂ ಕೆಣಕುವವನಿಗೂ ಇಲ್ಲಿ ಬೆಲೆ ತೆರುವ ಸರದಿ ಉಂಟು. ಅದೇ ಕಾವ್ಯದ ಹಲಗೂರಿನ ಸಾಲಿನಲ್ಲಿ ಮಂಟೇಸ್ವಾಮಿಯ ಇನ್ನೊಬ್ಬ ಶಿಷ್ಯ ಸಿದ್ದಪ್ಪಾಜಿ ಕಮ್ಮಾರಿಕೆಯ ಪಾಂಚಾಳರ ಮನೆಗೆ ಹೋಗಿ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಕುಲುಮೆಯವರು ಕೆರಳಿ ಒಂದಾದ ಮೇಲೊಂದು ಸತ್ವಪರೀಕ್ಷೆ ಒಡ್ಡುತ್ತಾರೆ. ಅವನು ಅವನ್ನೆಲ್ಲ ದಾಟಬೇಕಾಗುತ್ತದೆ. ಅಧಿಕಾರವಿದ್ದವನು ಕೈಲಾಗದವನನ್ನು ಕೆಣಕುವ ಸಾಲು ಮಾತ್ರ ಈ ಎರಡು ಆಚರಣೆಗಳಲ್ಲೂ ನನಗೆ ಕಂಡಿಲ್ಲ. ವೇದಿಕೆಯ ಮೇಲಿನ 'ಪ್ರಚೋದನಕಾರಿ' ಭಾಷಣಕ್ಕೆ ಜನಪದದ ನೆಪ ಹುಡುಕುವವರಿಗೆ ಕಪ್ಪಡಿಯಲ್ಲಿ ಆಸರೆ ಸಿಗಲಾರದು.