ದೇಹವೇ ದಾಖಲೆ: ಮುಧೋಳ ಬೇಟೆನಾಯಿಯ ಚರಿತ್ರೆಯ ಮರುಪರಿಶೀಲನೆ

ಮುಧೋಳದ ಬೇಟೆನಾಯಿಯ ಚರಿತ್ರೆ ಎಂದು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಬಹುಪಾಲು ಐತಿಹ್ಯ. ಪರ್ಷಿಯಾ, ಅರೇಬಿಯಾ ಕಡೆಯ ವರ್ತಕರ ಸಾರ್ಥಗಳೊಂದಿಗೆ ಈ ನಾಯಿ ದಖ್ಖನಿಗೆ ಬಂತು ಎನ್ನುತ್ತಾರೆ. ಶಿವಾಜಿಯ ಸೇನೆಯಲ್ಲಿ ಇತ್ತು ಎನ್ನುತ್ತಾರೆ. ಆತಕೂರಿನ ಶಾಸನದ ಕಾಳಿ ಇದರ ಪೂರ್ವಜೆ ಎನ್ನುವವರೂ ಇದ್ದಾರೆ. ಇಪ್ಪತ್ತನೆಯ ಶತಮಾನಕ್ಕೆ ಮುಂಚಿನ ಬರಹದ ಆಧಾರಗಳು ವಿರಳವಾಗಿರುವುದರಿಂದ ಇಂಥ ಮಾತುಗಳು ಸುಲಭವಾಗಿ ಬೇರೂರಿವೆ. ಆದರೆ ಪರಿಶೀಲನೆಗೆ ಸಿಗುವ ಇನ್ನೊಂದು ಆಧಾರ ನಮ್ಮ ಕಣ್ಣೆದುರೇ ಇದೆ. ಅದು ಆ ನಾಯಿಯ ದೇಹ. ತಲೆತಲಾಂತರದ ಆಯ್ಕೆಯಲ್ಲಿ ರೂಪುಗೊಂಡ ಎಲುಬು, ಎದೆಗೂಡು, ಕಣ್ಣು, ಸ್ವಭಾವಗಳು ಯಾವ ಕೆಲಸಕ್ಕಾಗಿ ಯಾರು ಅದನ್ನು ಬೆಳೆಸಿದರು ಎಂಬುದನ್ನು ತಿಳಿಸುತ್ತವೆ. ಐತಿಹ್ಯಗಳನ್ನು ಈ ದೇಹದ ಸಾಕ್ಷ್ಯದ ಎದುರು ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಾಳಿಯ ವಿಚಾರ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಶಕವರ್ಷ 872, ಸೌಮ್ಯ ಸಂವತ್ಸರದ್ದು, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಗೆ ಇದು ಮುಖ್ಯ ಆಧಾರ. ಬೂತುಗನ ಭಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ಒಡೆಯ ಬೇಕಾದ್ದನ್ನು ಕೇಳೆಂದಾಗ, ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಗೊರವನು (ಶೈವ ಪೂಜಾರಿ) ಉಂಡರೆ ಪಾಪವೆಂದೂ ಬರೆಸಿದರು. ಶಿಲ್ಪದಲ್ಲಿ ನಾಯಿ, ಹಂದಿ ಸೆಣಸುತ್ತಿವೆ. ಒಂದು ಸಾಮ್ರಾಜ್ಯದ ಹಣೆಬರಹ ತೀರ್ಮಾನಿಸಿದ ಯುದ್ಧವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಸಮಾನ ಗೌರವದಿಂದ ನಿಂತಿರುವುದು ಕನ್ನಡ ನಾಡಿನ ಶಾಸನಗಳಲ್ಲೇ ಅಪರೂಪದ ಸಂಗತಿ. ಮುಧೋಳದಲ್ಲಿ ಹುಟ್ಟಿದ ಕವಿ ರನ್ನನ ಜನ್ಮವರ್ಷವೂ ಇದೇ ಸೌಮ್ಯ ಸಂವತ್ಸರ. ಈ ಕಾಕತಾಳೀಯವನ್ನು ಓದುಗರ ಸಂತೋಷಕ್ಕಾಗಿ ಹೇಳುತ್ತಿದ್ದೇನೆಯೇ ಹೊರತು ಸಾಕ್ಷ್ಯವಾಗಿ ಅಲ್ಲ.

ಕಾಳಿ ಮುಧೋಳ ತಳಿಯ ಪೂರ್ವಜೆ ಎಂಬ ಮಾತನ್ನು ಶಾಸನ ಹೇಳುವುದಿಲ್ಲ, ಅಂಗರಚನೆ ಒಪ್ಪುವುದಿಲ್ಲ. ಕಾಡುಹಂದಿಯನ್ನು ಎದುರಿಸಿ ಹಿಡಿಯುವ ನಾಯಿಗೆ ಅಗಲವಾದ ತಲೆ, ಬಲವಾದ ದವಡೆ, ದಪ್ಪ ಕತ್ತು, ತೂಕದ ಮೈ ಬೇಕು. ಕೋರೆಯ ಪೆಟ್ಟು ತಾಳುವಷ್ಟು ಚರ್ಮ, ಸ್ನಾಯು ಬೇಕು. ಮುಧೋಳ ನಾಯಿಯದು ಇದಕ್ಕೆ ತೀರ ವಿರುದ್ಧವಾದ ಮೈಕಟ್ಟು. ತೆಳು ಚರ್ಮ, ಕಿರಿದಾದ ತಲೆ, ಹಗುರವಾದ ಎಲುಬು. ಬಯಲಿನ ಮೊಲವನ್ನು ಬೆನ್ನಟ್ಟಿ ತಿರುಗಿಸಿ ಹಿಡಿಯುವುದು ಇದರ ಬೇಟೆ. ಹತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಹೆಸರಿಟ್ಟು ಸಾಕುವಷ್ಟು ಬೆಲೆಯುಳ್ಳ ಬೇಟೆನಾಯಿಗಳಿದ್ದವು ಎಂಬುದಕ್ಕೆ ಆತಕೂರು ಗಟ್ಟಿ ಪ್ರಮಾಣ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡಿ ತೆಗೆಯಬಾರದು.

ಆತಕೂರಿನ ನಂತರದ ಕಾಲಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) ‘ಮಾನಸೋಲ್ಲಾಸ’ದಲ್ಲಿ ಸಾರಮೇಯ ವಿನೋದ ಎಂಬ ಭಾಗವೇ ಇದೆ. ನಾಯಿಗಳ ಲಕ್ಷಣ, ಬೇಟೆಯಲ್ಲಿ ಅವುಗಳ ಬಳಕೆ ಅರಸನ ವಿನೋದಗಳ ಸಾಲಿಗೆ ಸೇರಿವೆ. ದಖ್ಖನಿನ ಆಸ್ಥಾನದಲ್ಲಿ ನಾಯಿಯ ಲಕ್ಷಣ ನೋಡಿ ಆರಿಸುವ ಶಾಸ್ತ್ರ ಬೆಳೆದಿತ್ತು ಎನ್ನಲು ಇಷ್ಟು ಸಾಕು.

ಈಗ ದೇಹಕ್ಕೆ ಬರೋಣ. ಹೆಗಲ ಬಳಿ ಅಳೆದರೆ ಗಂಡು ಸುಮಾರು 70 ಸೆಂ.ಮೀ. ಎತ್ತರ, ಹೆಣ್ಣು ಅದಕ್ಕಿಂತ ನಾಲ್ಕೈದು ಸೆಂ.ಮೀ. ಕಡಿಮೆ. ಎದೆಗೂಡು ಅಗಲಕ್ಕಿಂತ ಆಳ ಹೆಚ್ಚು. ಮೊಣಕೈಗಳಿಗೆ ಅಡ್ಡಿಯಾಗದಂತೆ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗ ಸಿಗುವುದು ಇದರಿಂದಲೇ. ಹೊಟ್ಟೆ ಒಳಸೇರಿರುವುದು ಉಪವಾಸದ ಗುರುತಲ್ಲ. ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದಕ್ಕೆ ಬರಲು ಆ ಖಾಲಿ ಜಾಗ ಬೇಕು. ಸೊಂಟದ ಬೆನ್ನೆಲುಬು ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಪಶ್ಚಿಮ ಏಷ್ಯಾದ ಸಾಲುಕಿ, ಗ್ರೇಹೌಂಡ್, ನಮ್ಮ ಮುಧೋಳ, ತಮಿಳುನಾಡಿನ ಚಿಪ್ಪಿಪಾರೈ ಮೊದಲಾದ ನೋಟದ ಬೇಟೆನಾಯಿಗಳ, ಅಂದರೆ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳ, ವೇಗದ ಗುಟ್ಟು ಇಲ್ಲಿದೆ. ಪೂರ್ಣ ವೇಗದಲ್ಲಿ ಓಡುವ ಕುದುರೆಯ ನಾಲ್ಕೂ ಕಾಲು ಒಂದು ಹೆಜ್ಜೆಚಕ್ರದಲ್ಲಿ ಒಮ್ಮೆ ನೆಲ ಬಿಡುತ್ತವೆ. ಈ ನಾಯಿಗಳದ್ದು ಎರಡು ಸಲ, ಮೈ ಮುದುಡಿದಾಗ ಒಮ್ಮೆ, ಪೂರ್ತಿ ಚಾಚಿದಾಗ ಇನ್ನೊಮ್ಮೆ. ಉದ್ದ ಬಾಲ ತಿರುವುಗಳಲ್ಲಿ ಸಮತೋಲ ಕೊಡುತ್ತದೆ. ಮೊಲ ಎಂದೂ ನೇರ ಓಡುವುದಿಲ್ಲವಾದ್ದರಿಂದ ಈ ತಿರುವೇ ಬೇಟೆಯ ಜೀವಾಳ.

ಕಣ್ಣಿನ ಸಾಕ್ಷ್ಯ ಇನ್ನೂ ಸ್ಪಷ್ಟ. 2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಾಯಿಯ ಮೂತಿಯ ಉದ್ದಕ್ಕೂ ಅಕ್ಷಿಪಟದ ನರಕೋಶಗಳ ಹಂಚಿಕೆಗೂ ಸಂಬಂಧವಿದೆ ಎಂದು ತೋರಿಸಿದರು. ಮೋಟು ಮೂತಿಯ ನಾಯಿಗಳಲ್ಲಿ ಆ ಕೋಶಗಳು ನಡುವೆ ಒತ್ತಾಗಿದ್ದರೆ, ಉದ್ದ ಮೂತಿಯವುಗಳಲ್ಲಿ ಅಡ್ಡಪಟ್ಟಿಯಾಗಿ ಹರಡಿರುತ್ತವೆ. ದಿಗಂತದುದ್ದಕ್ಕೂ ಎಲ್ಲಿ ಏನು ಅಲುಗಿದರೂ ಕಣ್ಣಿಗೆ ಬೀಳುವ ವ್ಯವಸ್ಥೆ ಇದು. ದಟ್ಟ ಕಾಡಿನಲ್ಲಿ ಇದರಿಂದ ಲಾಭವಿಲ್ಲ. ಘಟಪ್ರಭೆಯ ಸುತ್ತಲ ಎರೆ ಹೊಲ, ಗಿಡಗಂಟಿ ಕಡಿಮೆಯಿರುವ ಮಡ್ಡಿ, ಜೋಳ ಕೊಯ್ದ ಬಯಲು ಇಂಥ ಕಣ್ಣಿಗೆ ಹೇಳಿಮಾಡಿಸಿದ ನೆಲ. ಹಾಗಾಗಿ ಮೂಲದಲ್ಲಿ ಪಶ್ಚಿಮ ಏಷ್ಯಾದ ರಕ್ತ ಬೆರೆತಿರಬಹುದಾದರೂ, ಸಾಲುಕಿಯ ಹೋಲಿಕೆ ಅದನ್ನು ಸೂಚಿಸಿದರೂ, ಈ ತಳಿಯನ್ನು ಉಳಿಸಿ ತಿದ್ದಿದ್ದು ಉತ್ತರ ಕರ್ನಾಟಕ, ದಕ್ಷಿಣ ಮಹಾರಾಷ್ಟ್ರದ ಒಣ ಬಯಲು ಎಂಬುದು ನನ್ನ ತೀರ್ಮಾನ.

ಶಿವಾಜಿಯ ಐತಿಹ್ಯ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುಧೋಳದ ಘೋರ್ಪಡೆಯವರು ಆದಿಲಶಾಹಿಯ ಸೇವೆಯಲ್ಲಿದ್ದವರು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯ ಸೆರೆಗೆ ಕೈಜೋಡಿಸಿದ ಬಾಜಿ ಘೋರ್ಪಡೆಯನ್ನು ಮುಂದೆ ಶಿವಾಜಿಯೇ ಕೊಂದ. ಇಂಥ ಹಗೆತನದ ನಡುವೆ ಮುಧೋಳದಿಂದ ಮರಾಠಾ ಸೇನೆಗೆ ನಾಯಿಗಳು ಹೋದವು ಎನ್ನಲು ಬಲವಾದ ಸಮಕಾಲೀನ ದಾಖಲೆ ಬೇಕು. ಕಥೆಯ ಸೊಗಸು ಅದಕ್ಕೆ ಬದಲಿಯಾಗದು.

ನಾಯಿಯನ್ನು ನಿಜವಾಗಿ ಸಾಕಿದವರು ಬೇಡರು, ಕುರಿಗಾರರು, ಒಕ್ಕಲಿನವರು. ಈ ಪ್ರದೇಶದ ಬೇಡರ ಚರಿತ್ರೆಯಲ್ಲಿ 1857 ದೊಡ್ಡ ತಿರುವು. ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಕಾನೂನನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ದಂಗೆ ಎದ್ದರು. ಊರು ಬೂದಿಯಾಯಿತು, ಮುಂದಾಳುಗಳು ಗಲ್ಲಿಗೇರಿದರು. ಬಂದೂಕು, ಕತ್ತಿ ಕೈತಪ್ಪಿದ ಬೇಟೆಗಾರನಿಗೆ ಉಳಿದದ್ದು ಬಡಿಗೆ, ಬಲೆ ಮತ್ತು ನಾಯಿ. ಬೇಟೆನಾಯಿಯ ಬೆಲೆ ಆ ನಂತರ ಇನ್ನಷ್ಟು ಏರಿತೆಂದು ನಾನು ಊಹಿಸುತ್ತೇನೆ. ಇದು ಊಹೆಯೇ ಆದರೂ ಮುಂದಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಜಾಡು.

ರಾಜಾ ಮಾಲೋಜಿರಾವ್ ಘೋರ್ಪಡೆ (ಆಳ್ವಿಕೆ 1900-1937) ನೋಡಿದ್ದು ಹೀಗೆ ಹಳ್ಳಿಗರ ಕೈಯಲ್ಲಿ ಉಳಿದು ಬಂದ ನಾಯಿಯನ್ನೇ. ಒಳ್ಳೆಯ ನಾಯಿಗಳನ್ನು ಆರಿಸಿ ಜೋಡಿ ಮಾಡಿಸಿ, ತಳಿಯನ್ನು ಗಟ್ಟಿಗೊಳಿಸಿದ ಹಿರಿಮೆ ಅವರದ್ದು. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು, ಅಂದಿನಿಂದ ಊರಿನ ಹೆಸರು ನಾಯಿಗೆ ಅಂಟಿತು ಎನ್ನುವುದು ಎಲ್ಲೆಡೆ ಹಬ್ಬಿದ ವೃತ್ತಾಂತ. ಇದನ್ನು 1900ಕ್ಕೆ ಸೇರಿಸುವ ಬರಹಗಳನ್ನು ಒಪ್ಪಲಾಗದು. ಜಾರ್ಜ್ ಪಟ್ಟಕ್ಕೆ ಬಂದದ್ದೇ 1910ರಲ್ಲಿ. ರಾಜರ ಕೊಡುಗೆಯನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೆ ಅವರಿಗೆ ಆರಿಸಲು ನಾಯಿಗಳು ಸಿಕ್ಕದ್ದು ಹೆಸರಿಲ್ಲದ ನೂರಾರು ಜನ ಮೊದಲೇ ಆರಿಸಿದ್ದರಿಂದ. ತಳಿಯ ಚರಿತ್ರೆ ಅರಮನೆಯಿಂದ ಶುರುವಾಗುವಂತೆ ಬರೆಯುವುದು ಆ ಹೆಸರಿಲ್ಲದ ಜನರಿಗೆ ಮಾಡುವ ಅನ್ಯಾಯ.

1948ರಲ್ಲಿ ಸಂಸ್ಥಾನ ವಿಲೀನವಾಗಿ ಅರಮನೆಯ ಆಶ್ರಯ ನಿಂತಿತು. 1963ರಲ್ಲಿ ಡಬ್ಲ್ಯು. ವಿ. ಸೋಮನ್ ಅವರ ‘ದಿ ಇಂಡಿಯನ್ ಡಾಗ್’ ದೇಶಿ ತಳಿಗಳನ್ನು ವಿವರವಾಗಿ ಪರಿಚಯಿಸಿತು. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿ. ಕೃಷ್ಣಮೃಗ, ಚಿಂಕಾರ, ಮೊಲಗಳ ಬೇಟೆ ಅಪರಾಧವಾಯಿತು. ಹಾಗಾಗಬೇಕಾದ್ದೂ ಹೌದು. ಆದರೆ ಬೇಟೆಯೊಂದಿಗೆ ಈ ನಾಯಿಯ ಪರೀಕ್ಷೆಯೂ ಹೋಯಿತು. ಯಾವ ನಾಯಿ ಓಡಬಲ್ಲದು, ಯಾವುದಕ್ಕೆ ದಮ್ಮಿದೆ, ಯಾವುದು ಅರ್ಧ ದಾರಿಯಲ್ಲಿ ಬಿಡುತ್ತದೆ ಎಂಬುದನ್ನು ಬಯಲೇ ತೀರ್ಮಾನಿಸುತ್ತಿತ್ತು. ಆ ತೀರ್ಪುಗಾರ ಇಲ್ಲವಾದ ಮೇಲೆ ಮರಿ ಆರಿಸಲು ಉಳಿದದ್ದು ಎತ್ತರ, ಬಣ್ಣ ಮತ್ತು ಬೆಲೆ.

ಶ್ವಾನಪ್ರದರ್ಶನ ಈ ಜಾಗ ತುಂಬಲಿಲ್ಲ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆರಂಭವಾದ ಪ್ರದರ್ಶನ ಪದ್ಧತಿ, 1873ರ ಕೆನಲ್ ಕ್ಲಬ್ ಮೂಲಕ ತಳಿಯ ಲಿಖಿತ ಮಾನದಂಡ, ವಂಶಾವಳಿ ದಾಖಲೆಗಳನ್ನು ಜಗತ್ತಿಗೆ ಕೊಟ್ಟಿತು. ವಂಶಾವಳಿ ದೊಡ್ಡ ಲಾಭ. ನಮ್ಮಲ್ಲಿ ಮಾತ್ರ ಆರಂಭದಲ್ಲೇ ಗೊಂದಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂದು ನೋಂದಾಯಿಸಿದರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ರಿಂಗ್‌ನಲ್ಲಿ ತೀರ್ಪುಗಾರ ನಾಯಿಯನ್ನು ನಿಲ್ಲಿಸಿ ಹಲ್ಲು, ಹೆಗಲು, ಕಾಲುಗಳ ಕೋನ ನೋಡುತ್ತಾನೆ. ಆಮೇಲೆ ಹಗ್ಗ ಹಿಡಿದು ಲಘು ಓಟದಲ್ಲಿ ಸುತ್ತು ಹಾಕಿಸುತ್ತಾನೆ. ಆದರೆ ಈ ದೇಹ ಕಟ್ಟಿರುವುದು ಚಿಮ್ಮಿ ಓಡಲಿಕ್ಕೆ. ಹೃದಯದ ಬಲ, ತಿರುವಿನ ಚುರುಕು, ಓಡಿದ ಮೇಲಿನ ಚೇತರಿಕೆ ರಿಂಗ್‌ನಲ್ಲಿ ಕಾಣುವುದೇ ಇಲ್ಲ. ಎತ್ತರಕ್ಕಾಗಿ ಗ್ರೇಹೌಂಡ್ ಬೆರಕೆ ಮಾಡಿದ ಮರಿ ಇಂಥ ಕಡೆ ಶುದ್ಧ ತಳಿಯ ಹೆಸರಿನಲ್ಲಿ ದಾಟಿಹೋಗುವ ಅಪಾಯವೂ ಇದೆ.

ಸರ್ಕಾರದ ಗಮನ ಬಿದ್ದದ್ದು ತಡವಾಗಿ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರಲ್ಲಿ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆ ರಾಜಪಾಳಯಂ, ಚಿಪ್ಪಿಪಾರೈಗಳೊಂದಿಗೆ ಮುಧೋಳವನ್ನೂ ತಳಿಯಾಗಿ ನೋಂದಾಯಿಸಿತು.

ಸೇನೆಯ ಪ್ರಯೋಗವನ್ನು ಹೆಮ್ಮೆಯ ಮಾತಾಗಿ ಮಾತ್ರ ನೋಡಬಾರದು. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್‌ಗಳು ತಲೆಮಾರುಗಳಿಂದ ಮನುಷ್ಯನ ಸನ್ನೆ ಕಾದು ಕೆಲಸ ಮಾಡಲು ಆಯ್ಕೆಯಾದವು. ಮುಧೋಳ ನಾಯಿ ಒಡೆಯನಿಂದ ಅರ್ಧ ಮೈಲಿ ದೂರದಲ್ಲಿ ತಾನೇ ನಿರ್ಧಾರ ಮಾಡುತ್ತಿತ್ತು. ಅದು ಹೇಳಿದ್ದನ್ನು ಹತ್ತು ಸಲ ಮಾಡದಿದ್ದರೆ ದಡ್ಡತನವಲ್ಲ. ಅಪರಿಚಿತರ ಕೈ ಮೈಮೇಲೆ ಬಿದ್ದರೆ ಸಿಡಿಮಿಡಿಗೊಳ್ಳುವುದೂ ಆ ಸ್ವಾತಂತ್ರ್ಯದ ಇನ್ನೊಂದು ಮುಖ. ಪಾಠ ಚಿಕ್ಕದಾಗಿರಬೇಕು, ಮರಿಯಾಗಿದ್ದಾಗಿನಿಂದ ಜನರ ಒಡನಾಟ ಬೇಕು, ಹೊಡೆತ ಕೂಡದು. ಹೊಡೆದವನನ್ನು ಅದು ಮತ್ತೆ ನಂಬುವುದು ಕಷ್ಟ. 2021ರಲ್ಲಿ ವಾಯುಪಡೆ ಆಗ್ರಾದ ನೆಲೆಯಲ್ಲಿ ಓಡುದಾರಿಯ ಹಕ್ಕಿಗಳನ್ನು ಚದುರಿಸಲು ಮುಧೋಳ ಮರಿಗಳನ್ನು ಪಡೆದದ್ದು ನನಗೆ ಹೆಚ್ಚು ವಿವೇಕದ ಹೆಜ್ಜೆಯಾಗಿ ಕಾಣುತ್ತದೆ. ಬಯಲು, ವೇಗ, ಚಲಿಸುವ ಗುರಿ ಮೂರೂ ಅಲ್ಲಿವೆ.

ಕಳೆದುಹೋದ ಪರೀಕ್ಷೆಯನ್ನು ಪ್ರಾಣಿಹಿಂಸೆಯಿಲ್ಲದೆ ಮರಳಿ ತರಲು ದಾರಿ ಇದೆ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಲದ ಬದಲು ಯಂತ್ರ ಎಳೆಯುವ ಪ್ಲಾಸ್ಟಿಕ್ ಚೀಲವನ್ನು ಬೆನ್ನಟ್ಟಿಸುವ ಸ್ಪರ್ಧೆ ಹುಟ್ಟಿತು. ಮೊಲದ ತಿರುವುಗಳನ್ನು ಅದು ಅನುಕರಿಸುತ್ತದೆ. ಕಾನೂನಿನ ಅನುಮತಿ ಪಡೆದು, ಪಶುವೈದ್ಯರ ಕಣ್ಗಾವಲಿನಲ್ಲಿ, ಬೇಸಿಗೆಯ ಬಿಸಿಲು ತಪ್ಪಿಸಿ ಮುಧೋಳ ತಾಲ್ಲೂಕಿನಲ್ಲೇ ಇಂಥ ಪರೀಕ್ಷೆ ನಡೆಸಬಹುದು. ಅದರ ಫಲಿತಾಂಶ ವಂಶಾವಳಿಯೊಂದಿಗೆ ದಾಖಲಾಗಬೇಕು. ಆ ದಾಖಲೆಯಲ್ಲಿ ಹಳ್ಳಿಯ ಸಾಕಣೆದಾರರ ಹೆಸರು ನಾಯಿಯ ಹೆಸರಿನ ಪಕ್ಕದಲ್ಲೇ ಇರಬೇಕು.

ಮರಿ ಕೊಳ್ಳುವವರಲ್ಲಿ ನನ್ನ ಬಿನ್ನಹ ಇಷ್ಟು. ತಾಯಿಯನ್ನು ನೋಡದೆ ಕೊಳ್ಳಬೇಡಿ. ಸಾಧ್ಯವಾದರೆ ಆ ತಾಯಿ ಓಡುವುದನ್ನು ನೋಡಿ. ಬೇಲಿಯಿರುವ ಬಯಲು ನಿಮ್ಮ ಕೈಗೆಟುಕದಿದ್ದರೆ ಈ ತಳಿಯನ್ನು ತರಬೇಡಿ. ಶಸ್ತ್ರಚಿಕಿತ್ಸೆ ಬೇಕಾದಾಗ ಇದು ನೋಟದ ಬೇಟೆನಾಯಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಕೊಬ್ಬು ಕಡಿಮೆಯಿರುವ ಇಂಥ ತಳಿಗಳು ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಎಚ್ಚರಗೊಳ್ಳುವುದು ಬಹಳ ನಿಧಾನ.