ಕಂಪ್ಯೂಟರಿನ ಮುಂದೆ ಇಟ್ಟ ಮುಖಗಳು

ಫೋಟೊ ತಿದ್ದುವ ಕೆಲಸಕ್ಕೆ ಮನೆಗೊಂದು ಕಂಪ್ಯೂಟರ್ ಬೇಕೆಂದು ಅಂಗಡಿಗೆ ಹೋದರೆ ಮಾತು ಪ್ರೊಸೆಸರಿನಿಂದ ಶುರುವಾಗುತ್ತದೆ. ಆಮೇಲೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡು, ಕಂತಿನ ಲೆಕ್ಕ. ಪರದೆಯ ಮಾತು ಬರುವುದು ಕೊನೆಗೆ, ಅದೂ ಇಂಚುಗಳಲ್ಲಿ. ಈ ಕ್ರಮ ತಿರುಗುಮುರುಗಾಗಬೇಕು ಎನ್ನುವುದು ನನ್ನ ವಾದ. ಅದಕ್ಕೆ ಕಾರಣ ಇಂದಿನ ಜಾಹೀರಾತುಗಳಲ್ಲಿಲ್ಲ, ಚರಿತ್ರೆಯಲ್ಲಿದೆ. ಚಿತ್ರವನ್ನು ಯಂತ್ರದೊಳಗೆ ತಂದವರೆಲ್ಲ ಅದರ ಮುಂದೆ ಯಾರದೋ ಒಂದು ಫೋಟೊ ಇಟ್ಟು, ಇದು ಸರಿಯಾಗಿ ಕಂಡರೆ ಯಂತ್ರ ಸರಿಯಾಗಿದೆ ಎಂದುಕೊಂಡಿದ್ದಾರೆ. ಆ ಫೋಟೊ ಯಾರದು ಎಂದು ಕೇಳುವುದು ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಚಾಳಿ.

ಮೊದಲನೆಯದು ಒಂದು ಮಗುವಿನದು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಸೆಲ್ ಕಿರ್ಷ್, ತನ್ನ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೊವನ್ನು ತಿರುಗುವ ಡ್ರಮ್ಮಿಗೆ ಸುತ್ತಿ ಸೀಯಾಕ್ ಎಂಬ ಕಂಪ್ಯೂಟರಿಗೆ ಓದಿಸಿದ. ಉದ್ದ 176 ಚುಕ್ಕಿ, ಅಗಲ 176 ಚುಕ್ಕಿ, ಒಟ್ಟು 30,976. ಯಂತ್ರಕ್ಕೆ ಗೊತ್ತಿದ್ದದ್ದು ಕಪ್ಪು ಮತ್ತು ಬಿಳಿ ಎರಡೇ. ನಡುವಿನ ಬೂದು ಛಾಯೆಗಳಿಗಾಗಿ ಬೆಳಕಿನ ಮಿತಿಯನ್ನು ಬದಲಿಸುತ್ತ ಅದೇ ಫೋಟೊವನ್ನು ಮತ್ತೆ ಮತ್ತೆ ಓದಿಸಿ, ಒಂದರ ಮೇಲೊಂದು ಕೂಡಿಸಬೇಕಾಯಿತು. ಯಂತ್ರಕ್ಕೆ ಕಷ್ಟವಾದದ್ದು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ನಡುವಿನದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮನೆಯ ಕಂಪ್ಯೂಟರಿನ ಕಥೆ ಶುರುವಾಗುವುದು ಮೂವತ್ತು ವರ್ಷ ಆದಮೇಲೆ, ಮಿಶಿಗನ್ನಿನ ಆನ್ ಆರ್ಬರ್ ಎಂಬ ಊರಿನಲ್ಲಿ. ಥಾಮಸ್ ನೋಲ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿ. ತಂದೆ ಗ್ಲೆನ್ ನೋಲ್ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು, ಫೋಟೊಗ್ರಫಿಯ ಹುಚ್ಚು ಹತ್ತಿಸಿಕೊಂಡವರು; ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್‌ರೂಮ್ ಇಟ್ಟುಕೊಂಡಿದ್ದರು. ಪ್ರಿಂಟಿನ ಬಣ್ಣ ಹದಕ್ಕೆ ತರುವುದನ್ನು ಮಗ ಕಲಿತದ್ದು ಅಲ್ಲಿ. 1987ರಲ್ಲಿ ಥೀಸಿಸ್ ಕೆಲಸಕ್ಕೆಂದು ಅವನು ಮ್ಯಾಕಿಂಟಾಷ್ ಪ್ಲಸ್ ಕಂಪ್ಯೂಟರ್ ಕೊಂಡ. ಒಂಬತ್ತು ಇಂಚಿನ ಪರದೆ, ಅದರ ಮೇಲೆ 512 ಅಡ್ಡ, 342 ಉದ್ದ ಚುಕ್ಕಿಗಳು, ಮತ್ತೆ ಅದೇ ಕಪ್ಪು-ಬಿಳಿ ಮಾತ್ರ. ಬೂದು ಬಣ್ಣದ ಒಂದು ಫೋಟೊವನ್ನೂ ಅದು ತೋರಿಸಲಾರದು. ಆಗ ಥಾಮಸ್, ಕಪ್ಪು ಚುಕ್ಕಿಗಳನ್ನು ಕೆಲವೆಡೆ ಒತ್ತಾಗಿ ಕೆಲವೆಡೆ ವಿರಳವಾಗಿ ಚೆಲ್ಲಿ ಕಣ್ಣಿಗೆ ಬೂದು ಕಂಡಂತೆ ಮಾಡುವ ಪ್ರೋಗ್ರಾಂ ಬರೆದ. ಹಳೆಯ ದಿನಪತ್ರಿಕೆಗಳಲ್ಲಿ ಫೋಟೊ ಅಚ್ಚಾಗುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಉಪಾಯದಿಂದ. ಪ್ರೋಗ್ರಾಮಿಗೆ ಇಟ್ಟ ಹೆಸರು 'ಡಿಸ್‌ಪ್ಲೇ'. ತೋರಿಸು, ಅಷ್ಟೆ.

ಇದೇ ಮುಂದೆ ಫೋಟೊಶಾಪ್ ಆಯಿತು. ಅಂದರೆ ಇಂದು ಜಗತ್ತೆಲ್ಲ ಬಳಸುವ ಈ ತಂತ್ರಾಂಶ ಹುಟ್ಟಿದ್ದು ಚಿತ್ರ ತಿದ್ದಬೇಕೆಂಬ ಆಸೆಯಿಂದಲ್ಲ, ಮನೆಗೆ ತಂದ ಕಂಪ್ಯೂಟರಿನ ಪರದೆ ಸಾಲದು ಎಂಬ ತೊಂದರೆಯಿಂದ. (ಥೀಸಿಸ್ ಪಕ್ಕಕ್ಕಿಟ್ಟು ಬೇರೆ ಕೆಲಸ ಹಿಡಿಯುವ ಪಿಎಚ್‌.ಡಿ. ವಿದ್ಯಾರ್ಥಿಗಳ ಬಗ್ಗೆ ಗೈಡುಗಳು ಏನೇ ಹೇಳಲಿ, ಈ ಉದಾಹರಣೆಯನ್ನು ನಾನು ಕಾಪಾಡಿಟ್ಟುಕೊಂಡಿದ್ದೇನೆ.) ಅಣ್ಣನ ಪ್ರೋಗ್ರಾಮಿನಲ್ಲಿ ಭವಿಷ್ಯ ಕಂಡದ್ದು ತಮ್ಮ ಜಾನ್‌ಗೆ, ಅವನು ಕ್ಯಾಲಿಫೋರ್ನಿಯಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ಸಿನಿಮಾಗಳ ದೃಶ್ಯ ಚಮತ್ಕಾರಗಳ ಕೆಲಸದಲ್ಲಿದ್ದ. ಜಾನ್ ಬಣ್ಣದ ಪರದೆಯ ಮ್ಯಾಕಿಂಟಾಷ್ 2 ಕೊಂಡಮೇಲೆ ಪ್ರೋಗ್ರಾಮಿಗೂ ಬಣ್ಣ ಬಂತು. 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪನಿ ಫೋಟೊಶಾಪ್ 1.0 ಬಿಡುಗಡೆ ಮಾಡಿತು, ಮ್ಯಾಕಿಂಟಾಷ್‌ಗೆ ಮಾತ್ರ. ಫೋಟೊಶಾಪಿನ 'ಡಾಡ್ಜ್', 'ಬರ್ನ್' ಎಂಬ ಹೆಸರುಗಳು ಡಾರ್ಕ್‌ರೂಮಿನವು: ಎನ್‌ಲಾರ್ಜರಿನ ಬೆಳಕಿಗೆ ಕೈಯೋ ರಟ್ಟಿನ ತುಂಡೋ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿ ಮಾಡುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸುವುದು.

ಪ್ರೋಗ್ರಾಂ ಮಾರಲು ಅದರ ಕೆಲಸವನ್ನು ತೋರಿಸಬೇಕು; ತೋರಿಸಲು ಒಂದು ಚಿತ್ರ ಬೇಕು. ಆಗ ಡಿಜಿಟಲ್ ಚಿತ್ರಗಳೇ ಅಪರೂಪ. ಜಾನ್ ಬಳಿ 1987ರಲ್ಲಿ ಬೋರಾ ಬೋರಾ ದ್ವೀಪದಲ್ಲಿ ತೆಗೆದ ಒಂದು ಫೋಟೊ ಇತ್ತು: ಕಡಲತಡಿಯಲ್ಲಿ ನಮಗೆ ಬೆನ್ನು ಮಾಡಿ ಕೂತ ಗೆಳತಿ ಜೆನ್ನಿಫರ್. ಅದನ್ನೇ ಸ್ಕ್ಯಾನ್ ಮಾಡಿ, ಆಕೆಯನ್ನು ಇಬ್ಬರಾಗಿಸಿ, ದ್ವೀಪವನ್ನು ಎರಡಾಗಿಸಿ ತೋರಿಸುತ್ತಿದ್ದರು. ಆ ಹೊತ್ತಿಗೆ ಪ್ರಯೋಗಾಲಯಗಳಲ್ಲಿ ಇನ್ನೊಬ್ಬ ಹೆಣ್ಣಿನ ಚಿತ್ರ ಹದಿನಾಲ್ಕು ವರ್ಷ ಹಳೆಯದಾಗಿತ್ತು. 1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ಲೇಬಾಯ್ ಪತ್ರಿಕೆಯ ನಡುಪುಟದಿಂದ ಸ್ವೀಡನ್ನಿನ ರೂಪದರ್ಶಿ ಲೆನಾಳ ಮುಖ, ಭುಜಗಳನ್ನು 512ಕ್ಕೆ 512 ಚುಕ್ಕಿಯಲ್ಲಿ ಸ್ಕ್ಯಾನ್ ಮಾಡಿದ್ದರು. ದಶಕಗಟ್ಟಲೆ ಚಿತ್ರ ಸಂಸ್ಕರಣೆಯ ಪ್ರಬಂಧಗಳಲ್ಲಿ ಅವಳದೇ ಮುಖ. ಐಇಇಇ ಕಂಪ್ಯೂಟರ್ ಸೊಸೈಟಿ ತನ್ನ ಪತ್ರಿಕೆಗಳಲ್ಲಿ ಅದು ಬೇಡ ಎಂದದ್ದು 2024ರಲ್ಲಿ. ಇನ್ನೂ ಹಿಂದೆ ಹೋದರೆ, ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡು'ಗಳು. ಅದರ ಮೇಲಿನ ಬಿಳಿಯ ಹೆಣ್ಣಿನ ಮೈಬಣ್ಣ ಸರಿಯಾಗಿ ಬಂದರೆ ಆ ಪ್ರಿಂಟಿಂಗ್ ಯಂತ್ರ ಸರಿ ಎಂದು ಲೆಕ್ಕ. ನಾನಾ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬರಲು ತೊಂಬತ್ತರ ದಶಕವೇ ಬೇಕಾಯಿತು.

ಇವರಲ್ಲಿ ಯಾರೂ ಕೆಟ್ಟ ಉದ್ದೇಶದವರಲ್ಲ. ಕೈಗೆ ಸಿಕ್ಕ ಫೋಟೊ ಇಟ್ಟರು. ಆದರೆ ಕೈಗೆ ಸಿಕ್ಕಿದ್ದು ಪ್ರತಿ ಸಲವೂ ತಿಳಿ ಬಣ್ಣದ ಮೈಯೇ. ನಮ್ಮ ಮುಖಗಳು ಬೀಳುವುದು ಛಾಯೆಯ ಏಣಿಯ ನಡುವಿನ ಮತ್ತು ಕೆಳಗಿನ ಮೆಟ್ಟಿಲುಗಳಲ್ಲಿ. ಕಿರ್ಷ್‌ನ ಯಂತ್ರಕ್ಕೂ ಥಾಮಸ್‌ನ ಪರದೆಗೂ ಕಷ್ಟವಾದದ್ದು ಆ ನಡುವಿನ ಮೆಟ್ಟಿಲುಗಳೇ.

ಮುಂದೆಯೂ ಗಲಾಟೆ ಆದದ್ದು ಅಲ್ಲೇ. ನಡುಛಾಯೆಗಳು ಎಷ್ಟು ಬೆಳಗಬೇಕು ಎಂಬುದನ್ನು ಗೊತ್ತುಮಾಡುವ ಅಂಕಿಗೆ ಗಾಮಾ ಎನ್ನುತ್ತಾರೆ. ಮ್ಯಾಕಿಂಟಾಷ್‌ನಲ್ಲಿ ಅದು 1.8, ವಿಂಡೋಸ್‌ನಲ್ಲಿ 2.2. ಒಂದರಲ್ಲಿ ತಿದ್ದಿದ ಚಿತ್ರ ಇನ್ನೊಂದರಲ್ಲಿ ಕಪ್ಪಿಟ್ಟಂತೆಯೋ ಬಿಳಿಚಿಕೊಂಡಂತೆಯೋ ಕಾಣುತ್ತಿತ್ತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಗೋಲು ತಂದರು; 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಆಪಲ್ 2.2ಕ್ಕೆ ಬಂದದ್ದು 2009ರಲ್ಲಿ. ಅಲ್ಲಿಯತನಕ ಎಷ್ಟು ಮದುವೆ ಆಲ್ಬಮ್ಮುಗಳ ಮುಖಗಳು ಈ ಎರಡು ಅಂಕಿಗಳ ನಡುವೆ ಓಡಾಡಿದವೋ!

ನನ್ನ ಸಂಶೋಧನೆಗೆ ಹಳೆಯ ಮನೆಗಳ ಗ್ರೂಪ್ ಫೋಟೊಗಳನ್ನು ಸ್ಕ್ಯಾನ್ ಮಾಡಬೇಕಾಗುತ್ತದೆ. ಹಾವೇರಿ ಕಡೆಯ ಒಂದು ಮನೆಯಲ್ಲಿ, ತೀರಿಹೋದ ತಾಯಿಯ ಫೋಟೊವನ್ನು ಮಗ ಹೊಸದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ ತೂಗುಹಾಕಿದ್ದ. ಕಲೆ ಹೋಗಿತ್ತು, ಮಡಿಕೆಯ ಗೆರೆ ಹೋಗಿತ್ತು. ಮನೆಯ ಅಜ್ಜಿ, ಗೋಡೆಯ ಮೇಲಿದ್ದಾಕೆಯ ತಂಗಿ, ಅದನ್ನು ನೋಡುತ್ತ, "ನಮ್ಮಕ್ಕ ಇಷ್ಟ ಬೆಳ್ಳಗ ಎಲ್ಲಿದ್ಳಪ್ಪಾ?" ಎಂದರು. ಹಿಂದಿನ ಸ್ಟುಡಿಯೊಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿ ಮಾಡುತ್ತಿದ್ದರು, ಹಾಗಾಗಿ ದೋಷವನ್ನೆಲ್ಲ ಕಂಪ್ಯೂಟರಿನ ತಲೆಗೆ ಕಟ್ಟಲಾಗದು. ಆದರೆ ಮಂಕು ಪರದೆಯ ಮುಂದೆ ಕೂತವನಿಗೆ ಕಪ್ಪು ಮುಖ ಇನ್ನೂ ಕಪ್ಪಾಗಿ ಕಾಣುತ್ತದೆ, ಅವನು ಸ್ಲೈಡರ್ ಏರಿಸುತ್ತಾನೆ. ಬೇಕೆಂದೇ ಮಾಡಿದ ಬಿಳುಪಿಗೂ ಪರದೆ ಮಾಡಿಸಿದ ಬಿಳುಪಿಗೂ ಗೋಡೆಯ ಮೇಲೆ ವ್ಯತ್ಯಾಸ ಕಾಣದು.

ಆದ್ದರಿಂದ ಕೊಳ್ಳುವ ಮಾತು. ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಪರದೆಗೆ ತಿರುಗಿಸಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳ ವಿವರಪಟ್ಟಿಯ ಮೂಲೆಯಲ್ಲಿ '45% ಎನ್‌ಟಿಎಸ್‌ಸಿ' ಎಂದಿರುತ್ತದೆ. ಅಂದರೆ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಹೆಚ್ಚುಕಡಿಮೆ ಅರವತ್ತೆರಡು ಪಾಲು ಮಾತ್ರ. ಅದರಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಹಳೇ ಇಟ್ಟಿಗೆಯಂತೆ ಕಾಣುತ್ತದೆ. ನೀವು ಕೆಂಪು ಏರಿಸುತ್ತೀರಿ, ಪ್ರಿಂಟಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಎಸ್‌ಆರ್‌ಜಿಬಿ ನೂರಕ್ಕೆ ನೂರರ ಹತ್ತಿರವಿರುವ ಐಪಿಎಸ್ ಪರದೆ ಸಾಕು. ಡೆಸ್ಕ್‌ಟಾಪಾದರೆ ಕಂಪ್ಯೂಟರ್ ಹಳತಾದಮೇಲೂ ಅದೇ ಮಾನಿಟರ್ ಮುಂದುವರಿಯುತ್ತದೆ. ಮನೆಗೆ ತಂದಮೇಲೆ ಅದರ ಬೆಳಕನ್ನು ಇಳಿಸಬೇಕು. ಅಂಗಡಿಯ ಝಗಮಗಕ್ಕೆಂದು ಏರಿಸಿಟ್ಟ ಬೆಳಕಿನಲ್ಲೇ ತಿದ್ದಿದರೆ ಪ್ರಿಂಟುಗಳೆಲ್ಲ ಕಪ್ಪಾಗಿ ಬರುತ್ತವೆ.

ರ‍್ಯಾಮ್ ಎಷ್ಟು ಎಂಬುದಕ್ಕೆ ಬಾಯಿಲೆಕ್ಕವೇ ಸಾಕು. 24 ಮೆಗಾಪಿಕ್ಸೆಲ್ ಫೋಟೊ, ಮೂರು ಬಣ್ಣ, ಬಣ್ಣವೊಂದಕ್ಕೆ 16 ಬಿಟ್ ಎಂದರೆ ಎರಡು ಬೈಟ್: ಒಂದು ಪದರಕ್ಕೆ 144 ಮೆಗಾಬೈಟ್. ಐದು ಪದರಕ್ಕೆ 720. ಹಿಂದಕ್ಕೆ ಹೋಗಲು ಪ್ರೋಗ್ರಾಂ ಇಟ್ಟುಕೊಳ್ಳುವ ಹಳೆಯ ಸ್ಥಿತಿಗಳು ಬೇರೆ. 16 ಜಿಬಿಯಲ್ಲಿ ಮನೆಯ ಕೆಲಸ ನಡೆಯುತ್ತದೆ, 32 ಇದ್ದರೆ ನಿರಾಳ. ಪ್ರೊಸೆಸರ್ ಈಚಿನದು ಯಾವುದಾದರೂ ಆದೀತು. ಡಿಸ್ಕ್ ಮಾತ್ರ ಎರಡಿರಲಿ: ತಿದ್ದಿದ್ದು ಒಂದರಲ್ಲಿ, ಮೈ ಮುಟ್ಟದ ಮೂಲ ಸ್ಕ್ಯಾನ್ ಎರಡರಲ್ಲೂ.

ಅಂಗಡಿಗೆ ಹೋಗುವಾಗ ನಿಮ್ಮ ಮನೆಯ ಒಂದು ಗ್ರೂಪ್ ಫೋಟೊವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಅದರ ಒಳ್ಳೆಯ ಪ್ರಿಂಟನ್ನು ಚೀಲದಲ್ಲಿಟ್ಟುಕೊಳ್ಳಿ. ಅಂಗಡಿಯವರು ತೋರಿಸುವ ಜಲಪಾತ, ಗಿಣಿಗಳ ವೀಡಿಯೊ ನಿಲ್ಲಿಸಲು ಹೇಳಿ ಅದನ್ನು ತೆರೆಯಿರಿ. ಸಾಲಿನ ಕೊನೆಯಲ್ಲಿ, ನೆರಳಿನಲ್ಲಿ ನಿಂತ ಅತ್ಯಂತ ಕಪ್ಪು ಮುಖವನ್ನು ಹುಡುಕಿ. ಕೆನ್ನೆಯ ತಿರುವು ಕಾಣುತ್ತದೆಯೆ, ತಲೆಗೂದಲು ಮತ್ತು ಹಣೆ ಬೇರೆಯಾಗಿವೆಯೆ ನೋಡಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಮ್ಮೆ ನೋಡಿ.